ದಿನ ತುಂಬದೆ ಹುಟ್ಟಿದ ಮಗು: ಮನೆಗೆ ಕಳಿಸುವ ಚೀಟಿಯಲ್ಲಿ ಏನಿರಬೇಕು?

ಮಾನ್ಯ ಸಂಪಾದಕರಿಗೆ,

37 ವಾರ ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ) ಮಗುವನ್ನು ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪತ್ರೆಯಲ್ಲಿ ನಡೆದದ್ದೆಲ್ಲ ಇರುತ್ತದೆ. ನಾಳೆಯಿಂದ ಏನು ಮಾಡಬೇಕು ಎಂಬುದು ಎಷ್ಟೋ ಸಲ ಕೊನೆಯ ಎರಡು ಸಾಲಿಗೆ ಮುಗಿದುಹೋಗುತ್ತದೆ, ಅದೂ ಮನೆಯವರಿಗೆ ಓದಲು ಬಾರದ ಭಾಷೆಯಲ್ಲಿ. ಮಾನಿಟರೂ ಇಲ್ಲದ, ನರ್ಸೂ ಇಲ್ಲದ ಆ ಮೊದಲ ವಾರಗಳಲ್ಲಿ ಬೇಕಾಗುವುದು ಆ ಎರಡು ಸಾಲೇ. ಅವು ಎರಡು ಪುಟವಾಗಬೇಕು, ಮನೆಯವರ ಭಾಷೆಯಲ್ಲಿರಬೇಕು ಎಂಬುದು ಇಂಥ ಮಕ್ಕಳ ಆರೈಕೆಯಲ್ಲೇ ಇರುವ ನಮ್ಮ ಒತ್ತಾಯ.

ತೀರಾ ಬೇಗ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಚೀಟಿಯ ಮೊದಲ ಸಾಲಿನಲ್ಲಿ ಕಣ್ಣಿನ ಪರೀಕ್ಷೆಯ ತಾರೀಖು ಇರಲಿ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ದಿನ ತುಂಬುವ ಹೊತ್ತಿಗೆ. ಬೇಗ ಹುಟ್ಟಿದವರಲ್ಲಿ ಆ ಬೆಳವಣಿಗೆ ನಡುವೆ ನಿಂತು, ಆಮೇಲೆ ಅಡ್ಡಾದಿಡ್ಡಿ ನಾಳಗಳು ಹುಟ್ಟಿ, ರೆಟಿನಾವನ್ನೇ ಎಳೆದು ಕಳಚಬಹುದು. ಇದೇ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ). ಹೊರಗಿನಿಂದ ಕಣ್ಣು ಸರಿಯಾಗಿಯೇ ಕಾಣುತ್ತದೆ. ಪಾಪೆ ಬೆಳ್ಳಗಾಗಿ ಕಾಣುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಹುಟ್ಟಿ ಸುಮಾರು 4 ವಾರಕ್ಕೆ ಆಗುವ ಮೊದಲ ಪರೀಕ್ಷೆಯನ್ನು ಹೇಗೋ ಮಾಡಿಸುತ್ತಾರೆ. ತಪ್ಪುವುದು ಎರಡನೆಯದು, ಮೂರನೆಯದು. ‘ಸದ್ಯಕ್ಕೆ ತೊಂದರೆ ಇಲ್ಲ’ ಎಂದದ್ದನ್ನು ‘ಇನ್ನು ಬರುವುದು ಬೇಡ’ ಎಂದು ತಿಳಿದುಬಿಡುತ್ತಾರೆ. ನಾಳಗಳು ಪೂರ್ತಿ ಬೆಳೆದಿವೆ ಎಂದು ಕಣ್ಣಿನ ವೈದ್ಯರು ಬರೆದುಕೊಡುವವರೆಗೆ ಅವರು ಹೇಳಿದ ದಿನವೇ ಹೋಗಬೇಕು. ಲೇಸರ್ ಅಥವಾ ಇಂಜೆಕ್ಷನ್ ಬೇಕೆಂದರೆ ಅದು 2-3 ದಿನದೊಳಗೆ ಆಗಬೇಕು, ಮುಂದಿನ ವಾರಕ್ಕೆ ತಳ್ಳುವಂತಿಲ್ಲ. ಶ್ರವಣ ಪರೀಕ್ಷೆಯ ದಿನವನ್ನೂ ಅಲ್ಲೇ ಕೆಳಗೆ ಬರೆಯಲಿ.

ಹನಿ ಔಷಧಗಳಲ್ಲಿ ಆಗುವ ಎಡವಟ್ಟು ಬೇರೆ ಥರದ್ದು. ‘ವಿಟಮಿನ್ ಡಿ, ದಿನಕ್ಕೆ 1 ಮಿ.ಲೀ.’ ಎಂದಷ್ಟೇ ಬರೆದಿರುತ್ತಾರೆ. ಒಂದು ಬಾಟಲಿಯ 1 ಮಿ.ಲೀ.ನಲ್ಲಿ 400 ಯೂನಿಟ್ ಇದ್ದರೆ ಇನ್ನೊಂದರಲ್ಲಿ 800 ಇರುತ್ತದೆ. ಒಂದೇ ಹನಿಯಲ್ಲಿ 400 ಇರುವ ಬಾಟಲಿಗಳೂ ಇವೆ. ಮೊದಲ ಬಾಟಲಿ ಮುಗಿದು ಬೇರೆ ಕಂಪನಿಯದು ತಂದಾಗ ಅದೇ 1 ಮಿ.ಲೀ. ಹಾಕಿದರೆ ಮಗುವಿಗೆ ಎರಡು ಪಾಲು, ಕೆಲವೊಮ್ಮೆ ಹತ್ತಾರು ಪಾಲು ಹೋಗುತ್ತದೆ. ಆದ್ದರಿಂದ ಮಿ.ಲೀ. ಜೊತೆಗೆ ಯೂನಿಟ್ ಎಷ್ಟು ಎಂದೂ ಬರೆಯಲೇಬೇಕು. ಕಬ್ಬಿಣದ ಹನಿಯನ್ನು ಸಾಮಾನ್ಯವಾಗಿ ಪ್ರತಿ ಕೆ.ಜಿ.ಗೆ ದಿನಕ್ಕೆ 2-4 ಮಿ.ಗ್ರಾಂ ಲೆಕ್ಕದಲ್ಲಿ ಕೊಡುವುದು, ಅಂದರೆ ತೂಕ ಏರಿದಂತೆ ಪ್ರಮಾಣವನ್ನೂ ವೈದ್ಯರಿಂದ ಬದಲಿಸಿಕೊಳ್ಳಬೇಕು. ಅದನ್ನು ಕುಡಿದ ಮಗುವಿನ ಮಲ ಕಪ್ಪಗಾದರೆ ಗಾಬರಿ ಬೇಡ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದಕ್ಕೆ ಬಳಸಲೇಬೇಡಿ.

ಹಸಿದರೆ ಅಳುತ್ತದೆ ಎಂಬ ಲೆಕ್ಕ ಈ ಮಕ್ಕಳ ಹತ್ತಿರ ನಡೆಯುವುದಿಲ್ಲ. ಶಕ್ತಿ ಸಾಲದೆ ಹಸಿದೂ ಮಲಗಿಯೇ ಇರುತ್ತವೆ. ‘ಎಷ್ಟು ಸಾಧು ಮಗು’ ಎಂದು ಮನೆಯವರು ಮೆಚ್ಚಿಕೊಳ್ಳುತ್ತಿರುವಾಗಲೇ ಸಕ್ಕರೆ ಅಂಶ ಕುಸಿದಿರಬಹುದು. ಹೊದಿಕೆ ಸರಿಸಿ, ಅಂಗಾಲು ಸವರಿ, ರಾತ್ರಿಯೂ 2-3 ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಬೇಕು. ಒಳಲೆಯಲ್ಲಿ ಕುಡಿಸುವಾಗ ಮಗುವಿನ ತಲೆ ಮತ್ತು ಬೆನ್ನಿಗೆ ಕೈಕೊಟ್ಟು ಅರೆ ಕುಳಿತಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಯವರೆಗೆ ಮಾತ್ರ ಬರುವಷ್ಟು ಬಗ್ಗಿಸಿ. ಮಗು ತಾನಾಗಿ ನಾಲಿಗೆ ಚಾಚಿ ತೆಗೆದುಕೊಂಡು ನುಂಗಿದ ಮೇಲೆ ಮುಂದಿನ ಗುಟುಕು. ಬಾಯೊಳಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ದಿನಕ್ಕೆ ಆರು ಸಲವಾದರೂ ಮೂತ್ರ ಹೋದರೆ, ಒಂದೇ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಬಟ್ಟೆ ತೆಗೆದು ತೂಗಿದಾಗ ದಿನಕ್ಕೆ ಸರಾಸರಿ 20-30 ಗ್ರಾಂ ಏರಿದ್ದರೆ ಹಾಲು ಸಾಲುತ್ತಿದೆ ಎಂದರ್ಥ.

ಮೈ ಬೆಚ್ಚಗಿದೆಯೇ ಎಂದು ತಿಳಿಯಲು ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಅಂಗಾಲು ಮಾತ್ರ ತಣ್ಣಗಿದ್ದರೆ ಕೂಡಲೇ ಕಾಂಗರೂ ಆರೈಕೆ ಶುರುಮಾಡಿ: ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಉಳಿದ ಬಟ್ಟೆ ತೆಗೆದು ಅಮ್ಮನ ಅಥವಾ ಅಪ್ಪನ ಬರಿ ಎದೆಗೆ ನೆಟ್ಟಗೆ ಒರಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಮೂಗು ಬಾಯಿ ಮುಚ್ಚದಂತೆ ಬಟ್ಟೆ ಸುತ್ತಬೇಕು. ಒಮ್ಮೆ ಕೂತರೆ ಒಂದು ಗಂಟೆಗೆ ಕಡಿಮೆ ಬೇಡ. ಪದೇ ಪದೇ ಎತ್ತಿ ಇಳಿಸಿದರೆ ಮಗು ದಣಿಯುತ್ತದೆ. ಹೊಟ್ಟೆಯೂ ತಣ್ಣಗಿದ್ದರೆ ಹಾಗೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ. ಕಂಕುಳಿನ ತಾಪ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿನೀರಿನ ಚೀಲ ಇಡಲೇಬಾರದು, ಸುಡುತ್ತದೆ.

ಎನ್‌ಐಸಿಯುನಲ್ಲಿ ಬೋರಲು ಮಲಗಿಸಿದ್ದನ್ನು ನೋಡಿದವರು ಮನೆಯಲ್ಲೂ ಹಾಗೇ ಮಲಗಿಸುತ್ತಾರೆ. ಅಲ್ಲಿ ಮಾನಿಟರ್ ಕಾಯುತ್ತಿತ್ತು. ಮನೆಯಲ್ಲಿ ಪ್ರತಿ ನಿದ್ದೆಯೂ ಬೆನ್ನ ಮೇಲೆ, ಗಟ್ಟಿ ಹಾಸಿಗೆಯಲ್ಲಿ, ದಿಂಬಿಲ್ಲದೆ. 5-10 ಸೆಕೆಂಡ್ ಉಸಿರು ನಿಂತು ಮತ್ತೆ ಬೇಗಬೇಗ ಆಡುವುದು ಈ ಮಕ್ಕಳಲ್ಲಿ ಸಾಮಾನ್ಯ. 20 ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ, ಮಲಗಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಎದೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯುವುದನ್ನು ಬಿಟ್ಟರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಬೆಳವಣಿಗೆಯನ್ನು ಅಳೆಯುವಾಗ 40 ವಾರಕ್ಕಿಂತ ಎಷ್ಟು ವಾರ ಬೇಗ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಬೇಕು, ಎರಡು ವರ್ಷದವರೆಗೂ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ಇದು ತಿಳಿಯದೆ ‘ಇನ್ನೂ ಚಿಕ್ಕದು’ ಎಂದು ಲಸಿಕೆ ಮುಂದೂಡುವವರು ಬಹಳ.

ಇದಿಷ್ಟನ್ನೂ ಬರೆದುಕೊಟ್ಟರೆ ಸಾಲದು. ಡಿಸ್ಚಾರ್ಜಿಗೆ ಮುನ್ನ ಒಂದು ಹಗಲು, ಒಂದು ರಾತ್ರಿ ತಾಯಿ ಮತ್ತು ಮನೆಯ ಇನ್ನೊಬ್ಬರು ಮಗುವಿನ ಜೊತೆ ಆಸ್ಪತ್ರೆಯಲ್ಲೇ ಇದ್ದು, ಹಾಲು, ಔಷಧ, ತಾಪ ನೋಡುವುದು ಎಲ್ಲವನ್ನೂ ತಾವೇ ಮಾಡಲಿ. ನರ್ಸ್ ಪಕ್ಕದಲ್ಲಿ ನಿಂತು ನೋಡಲಿ. ರಾತ್ರಿ ಹೊತ್ತೂ ಎತ್ತುವ ಒಂದು ಫೋನ್ ನಂಬರ್ ಚೀಟಿಯಲ್ಲಿರಲಿ, ಹೊರಡುವ ಮುನ್ನ ಪೋಷಕರು ಅದಕ್ಕೆ ಒಮ್ಮೆ ಕರೆ ಮಾಡಿ ಯಾರು ಎತ್ತುತ್ತಾರೆಂದು ನೋಡಿಕೊಳ್ಳಲಿ.

– ನವಜಾತ ಶಿಶು ಆರೈಕೆಯ ಶುಶ್ರೂಷಕರು