ಅಮ್ಮಾ, ಒಂದು ಚುಕ್ಕಿ ಜಾಸ್ತಿ ಆಗಿತ್ತು

ಕ್ಯುಪರ್ಟಿನೊ, ಕ್ಯಾಲಿಫೋರ್ನಿಯಾ, ಅಮೆರಿಕ, ಭಾನುವಾರ ರಾತ್ರಿ

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಕಣ್ಣಿನ ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ, ನೀನು ಓದಬೇಡ, ಅತ್ತಿಗೆ ಓದಿ ಹೇಳಲಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಊಟ ಆಯ್ತಾ, ಪುಟ್ಟಿ ಹೇಗಿದ್ದಾಳೆ" ಅಂತ ಎರಡು ಮಾತು ಕೇಳಿ, ಸುಮ್ನೆ ದುಡ್ಡು ದಂಡ ಅಂತ ಇಟ್ಟುಬಿಡುತ್ತೀಯ. ವಾಟ್ಸಾಪಿಗೆ ದುಡ್ಡಿಲ್ಲ ಅಂತ ಎಷ್ಟು ಸಲ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಕಾಲೇಜಿನಲ್ಲಿ ಎಲ್ಲ ದೇಶದವರೂ ಸೇರಿ ಮಾಡುವ ಕಲೆಗಳ ಹಬ್ಬ ಇತ್ತು. ಈ ವಯಸ್ಸಲ್ಲಿ "ನಮ್ಮ ಕಾಲೇಜು" ಅಂತಾಳೆ ಅಂತ ಅಪ್ಪ ನಗುತ್ತಿರಬೇಕು. ಡಿ ಆಂಜಾ ಅಂತ, ಕಮ್ಯುನಿಟಿ ಕಾಲೇಜು. ನಮ್ಮ ಡಿಗ್ರಿ ಕಾಲೇಜಿನ ಥರ ಅಲ್ಲ, ಪಾಲಿಟೆಕ್ನಿಕ್ಕೂ ಅಲ್ಲ. ಹುಡುಗರು ಇಲ್ಲಿ ಎರಡು ವರ್ಷ ಕಡಿಮೆ ಫೀಸಿನಲ್ಲಿ ಓದಿ ಆಮೇಲೆ ಬರ್ಕ್ಲಿಯಂಥ ದೊಡ್ಡ ಯೂನಿವರ್ಸಿಟಿಗೆ ಸೇರಿಕೊಳ್ಳುತ್ತಾರೆ. ನನ್ನಂಥವರು ಒಂದೇ ಒಂದು ಕ್ಲಾಸಿಗೂ ಸೇರಬಹುದು. ಈ ರಾಜ್ಯದಲ್ಲಿ ನೆಲೆಸಿದವರಿಗೆ ಒಂದು ಯೂನಿಟ್ಟಿಗೆ, ಅಂದರೆ ಪಾಠದ ಒಂದು ಅಳತೆಗೆ, 31 ಡಾಲರ್. ನಾನು ಮಡಕೆ ಮಾಡೋದು ಕಲಿಯುತ್ತಿದ್ದೇನೆ, ಕುಂಬಾರಗೇರಿ ಮುಂದೆ ನಿಂತು ನೋಡಿದ್ದಕ್ಕೆ ಬೈಸಿಕೊಂಡವಳು ಈಗ ಫೀಸು ಕಟ್ಟಿ ಕೆಸರು ತುಳಿಯುತ್ತಿದ್ದೇನೆ! ಇವರಿಗೆ ಮಾತ್ರ ಈ ಕಾಲೇಜು ಅಂದರೆ ಸ್ಟೀವ್ ಜಾಬ್ಸ್. 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರನ್ನು ಜನಕ್ಕೆ ತೋರಿಸಿದ್ದು ಇದೇ ಕಾಲೇಜಿನ ಫ್ಲಿಂಟ್ ಸೆಂಟರಿನಲ್ಲಂತೆ, ಆ ಸಭಾಂಗಣವನ್ನು 2019ರಲ್ಲಿ ಮುಚ್ಚಿದರು. ಊರಿಂದ ಯಾರೇ ಬಂದರೂ ಕಾರು ನಿಧಾನ ಮಾಡಿ ಅದನ್ನೇ ಹೇಳುತ್ತಾರೆ, ನನಗೆ ಬಾಯಿಪಾಠ ಆಗಿದೆ.

ಈಗ ಹಬ್ಬದ ವಿಷಯಕ್ಕೆ ಬರುತ್ತೇನೆ. ಬಾಗಿಲಲ್ಲೇ ಧೂಪದ ವಾಸನೆ. ಥೇಟ್ ಹಾಲುಮಡ್ಡಿ. ನೋಡಿದರೆ ಮೆಕ್ಸಿಕೋದ ಹಳೇ ಕಾಲದ ಕುಣಿತದವರು, ಮಣ್ಣಿನ ಪಾತ್ರೆಯಲ್ಲಿ ಕೆಂಡದ ಮೇಲೆ ಕೋಪಾಲ್ ಅನ್ನೋ ಮರದ ಅಂಟು ಹಾಕಿದ್ದರು. ತಲೆ ಮೇಲೆ ಇಷ್ಟುದ್ದ ಗರಿ. ಕಾಲಿಗೆ ಗೆಜ್ಜೆ ಕಟ್ಟಿದ್ದಾರೆ ಅಂದುಕೊಂಡೆ, ಹತ್ತಿರ ಹೋದರೆ ಲೋಹವೇ ಅಲ್ಲ. ಒಣಗಿದ ಬೀಜದ ಓಡುಗಳನ್ನು ಸಾಲಾಗಿ ಪೋಣಿಸಿ ಚರ್ಮದ ಪಟ್ಟಿಗೆ ಹೊಲಿದಿದ್ದಾರೆ. ಹೆಜ್ಜೆ ಹಾಕಿದರೆ ಘಲ್ ಅನ್ನೋದಿಲ್ಲ, ಒಣಗಿದ ಹುಣಸೆಕಾಯಿ ಗೊನೆ ಅಲ್ಲಾಡಿಸಿದ ಹಾಗೆ ಕಟಕಟ ಅನ್ನುತ್ತೆ.

ಆಮೇಲೆ ಜಪಾನಿನವರ ತೈಕೊ ಡೋಲು. ಇದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿ ಅತ್ತಿಗೆ, ಡೊಳ್ಳು ಅಂದರೆ ಅವರಿಗೆ ಜೀವ. ಬೀರೇಶ್ವರನ ಜಾತ್ರೆಯಲ್ಲಿ ಡೊಳ್ಳು ಬಾರಿಸಿದರೆ ಎದೆಯೊಳಗೆ ಕುಟ್ಟಿದ ಹಾಗಾಗುತ್ತಲ್ಲ, ಅದೇ. ಜಪಾನಿನಲ್ಲಿ ದೊಡ್ಡ ಮರದ ದಿಮ್ಮಿ ಕೊರೆದು ಇದನ್ನು ಮಾಡುತ್ತಾರೆ. ಇಲ್ಲಿಗೆ ಅದನ್ನು ತರಿಸೋಕೆ ಕೈತುಂಬ ದುಡ್ಡು ಬೇಕು. ಅದಕ್ಕೆ ಇಲ್ಲಿನವರು ಹಳೇ ವೈನ್ ಪೀಪಾಯಿ ತಂದು, ಎರಡೂ ಕಡೆ ದನದ ಚರ್ಮ ಬಿಗಿದು ಮೊಳೆ ಹೊಡೆದರು. ಬಾರಿಸಿದ ಹೆಂಗಸೊಬ್ಬಳು ನನ್ನನ್ನು ಕರೆದು ಮುಟ್ಟಿಸಿದಳು, ಪೀಪಾಯಿಯ ಹಲಗೆ ಹಲಗೆ ಸೇರುವ ಜಾಗ ಕೈಗೆ ಸಿಗುತ್ತೆ. 1942ರಲ್ಲಿ ಯುದ್ಧದ ಹೊತ್ತಲ್ಲಿ ಇಲ್ಲಿನ ಸರ್ಕಾರ ಜಪಾನಿ ಮೂಲದ ಲಕ್ಷಕ್ಕೂ ಜಾಸ್ತಿ ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಕ್ಯಾಂಪುಗಳಿಗೆ ಹಾಕಿತ್ತು. ವಾಪಸ್ ಬಂದವರಲ್ಲಿ ಎಷ್ಟೋ ಜನ ತಮ್ಮ ಭಾಷೆ, ಪದ್ಧತಿ ಯಾವುದನ್ನೂ ಹೊರಗೆ ತೋರಿಸದೆ ಬದುಕಿದರಂತೆ. ಡೋಲು ಎತ್ತಿಕೊಂಡಿದ್ದು ಆಮೇಲಿನ ತಲೆಮಾರಿನ ಹುಡುಗರು. ನಮ್ಮ ಪಕ್ಕದ ಸ್ಯಾನ್ ಹೊಸೆಯಲ್ಲಿ ಜಪಾನಿನವರದೇ ಒಂದು ಪೇಟೆ ಇದೆ, ಅಲ್ಲಿ 1973ರಲ್ಲಿ ಶುರುವಾದ ತೈಕೊ ತಂಡ ಈಗಲೂ ಬಾರಿಸುತ್ತಿದೆ.

ಊಟದ ವಿಷಯ ನೀನು ಕೇಳೇ ಕೇಳುತ್ತೀಯ. ಟಮಾಲೆ ತಿಂದೆ. ಮುಸುಕಿನ ಜೋಳದ ಹಿಟ್ಟನ್ನು ಆ ಜೋಳದ ಮುಸುಕಿನಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ಅಷ್ಟೇ. ಕೆಲವರು ಹಂದಿ ಕೊಬ್ಬು ಹಾಕುತ್ತಾರೆ. ಕೇಳಿಕೊಂಡೇ ತಿಂದೆ, ಹೆದರಬೇಡ.

ಈಗ ಅಸಲಿ ವಿಷಯ. ನಾನು ಅಲ್ಲಿಗೆ ಹೋಗಿದ್ದು ನೋಡೋಕಲ್ಲ, ರಂಗೋಲಿ ಹಾಕೋಕೆ! ನಮ್ಮ ಮಡಕೆ ಟೀಚರ್ ಕೇಳಿದಾಗ ಹೂಂ ಅಂದುಬಿಟ್ಟಿದ್ದೆ. ಅವರು ಅಚ್ಚು, ಬಣ್ಣ ಎಲ್ಲ ತಂದುಕೊಡುತ್ತೇವೆ ಅಂದರು. ನಾನು ಜಂಭದಲ್ಲಿ, ಅಚ್ಚು ಗಿಚ್ಚು ಬೇಡ, ಚುಕ್ಕಿ ಇಟ್ಟು ಎಳೆ ಎಳೆಯುತ್ತೇನೆ ಅಂದೆ. ತುಳಸಿಕಟ್ಟೆ ಮುಂದೆ ನೀನು ಹಾಕುತ್ತಿದ್ದೆಯಲ್ಲ, ಮಧ್ಯ 15, ಎರಡೂ ಕಡೆ 8ರ ತನಕ, ಸಂದು ಚುಕ್ಕಿ, ಅದೇ.

ಸಿಮೆಂಟು ನೆಲ. ನಮ್ಮ ಸಾರಿಸಿದ ಅಂಗಳದಲ್ಲಿ ಪುಡಿ ಕಚ್ಚಿಕೊಳ್ಳುತ್ತೆ, ಇಲ್ಲಿ ಗಾಳಿ ಬಂದರೆ ಹಾರುತ್ತೆ. ಬಾಟಲಿಯಿಂದ ನೀರು ಚಿಮುಕಿಸಿಕೊಂಡು ಕೂತೆ. ಪಕ್ಕದಲ್ಲಿ ತಮಿಳಿನವರೊಬ್ಬರು ಅಕ್ಕಿಹಿಟ್ಟಿನಲ್ಲಿ ಕೋಲ ಹಾಕುತ್ತಿದ್ದರು, ನಿಂತಲ್ಲೇ ಬಗ್ಗಿ, ಎರಡು ಬೆರಳಲ್ಲಿ, ತಿರುಗಿ ನೋಡೋದರೊಳಗೆ ಮುಗಿಸಿಬಿಟ್ಟರು. ನಾನು ಚುಕ್ಕಿಯಲ್ಲೇ ಇದ್ದೆ. ಮೊಣಕಾಲು ಹಿಡಿದುಕೊಂಡಿತ್ತು. ಎಳೆ ಎಳೆಯೋಕೆ ಶುರು ಮಾಡಿ ಮುಕ್ಕಾಲು ಭಾಗ ಆದ ಮೇಲೆ ನೋಡುತ್ತೇನೆ, ಎಳೆ ಬಂದು ಸೇರಬೇಕಾದ ಕಡೆ ಸೇರುತ್ತಿಲ್ಲ. ಸುತ್ತ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಎಲ್ಲರೂ ಫೋನು ಹಿಡಿದು ನಿಂತಿದ್ದಾರೆ. ಅಳಿಸಿದೆ, ಮತ್ತೆ ಎಳೆದೆ, ಮತ್ತೆ ಅಲ್ಲೇ ಬಂದು ನಿಂತಿತು. ಬೆವರು.

ವಿಯೆಟ್ನಾಮಿನ ಕಡೆಯ ಒಬ್ಬ ಹುಡುಗ, ಇದೇ ಕಾಲೇಜಿನಲ್ಲಿ ಗಣಿತ ಓದುವವನು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಒಟ್ಟು ಎಷ್ಟು ಚುಕ್ಕಿ ಇರಬೇಕು?" ಅಂತ ಕೇಳಿದ. ಯಾರಿಗೆ ಗೊತ್ತು? ಒಟ್ಟು ಎಷ್ಟು ಅಂತ ನೀನು ಯಾವತ್ತಾದರೂ ಹೇಳಿದ್ದೀಯಾ? ಸಾಲು ನೋಡು, ಒಂದೊಂದು ಕಮ್ಮಿ ಮಾಡುತ್ತಾ ಹೋಗು, ಅಷ್ಟೇ ನಿನ್ನ ಪಾಠ. ಅವನಿಗೂ ಅದನ್ನೇ ಹೇಳಿದೆ. ಅವನು ಅಂಗೈ ಮೇಲೆ ಪೆನ್ನಲ್ಲಿ ಏನೋ ಬರೆದು 169 ಅಂದ. 13 ಸಲ 13 ಅಂತ ಅವನಿಗೆ ಅದೇ ಒಂದು ಖುಷಿ. ಆಮೇಲೆ ಬೆರಳು ಆಡಿಸುತ್ತಾ ಒಂದೊಂದೇ ಎಣಿಸಿದ. 170. ಕೆಳಗಿನ ಅರ್ಧದ ಮೂರನೇ ಸಾಲಿನಲ್ಲಿ 12 ಇಡೋ ಕಡೆ 13 ಇಟ್ಟಿದ್ದೆ! ಆ ತುದಿಯ ಚುಕ್ಕಿಯನ್ನು ಹೆಬ್ಬೆರಳಲ್ಲಿ ಒರೆಸಿದೆ. ಎಳೆ ಸುಮ್ಮನೆ ಹೋಗಿ ಸೇರಿಕೊಂಡಿತು. ಮಕ್ಕಳು ಚಪ್ಪಾಳೆ ಹೊಡೆದವು, ನನಗಲ್ಲ, ಅವನಿಗೆ.

ಅಷ್ಟು ವರ್ಷ ದಿನಾ ಬೆಳಿಗ್ಗೆ ನೀನು ಇಟ್ಟಿದ್ದು 169 ಚುಕ್ಕಿ ಅಂತ ನಿನಗೆ ಗೊತ್ತಿತ್ತಾ?

ಸಂಜೆ ಕ್ಲೀನ್ ಮಾಡುವವರು ನೀರಿನ ಪೈಪು ಹಿಡಿದುಕೊಂಡು ಬಂದು, ಇದನ್ನು ಹಾಗೇ ಬಿಡಬೇಕಾ ಅಂತ ಪಾಪ ಬಹಳ ಸಂಕೋಚದಿಂದ ಕೇಳಿದರು. ತೊಳೀರಿ, ನಮ್ಮ ಮನೇಲೂ ದಿನಾ ಗುಡಿಸಿಯೇ ಹೊಸದು ಹಾಕೋದು ಅಂದೆ. ಆದರೂ ಆ ಪುಣ್ಯಾತ್ಮ ಸುತ್ತಲೂ ಎಲ್ಲ ತೊಳೆದು ಅದನ್ನು ಕೊನೆಗೆ ಉಳಿಸಿಕೊಂಡಿದ್ದ.

ಫೋಟೋ ಯಾಕೆ ಕಳಿಸಲಿಲ್ಲ ಅಂತ ಅತ್ತಿಗೆ ಕೇಳುತ್ತಾರೆ. ಚುಕ್ಕಿ ಸರಿಯಾಯಿತು, ಆದರೆ ಆರು ಮೂಲೆಯಲ್ಲಿ ಎಳೆ ಹೇಗೆ ತಿರುಗಿ ಬರುತ್ತೆ ಅನ್ನೋದು ನೆನಪಾಗಲಿಲ್ಲ, ಮನಸ್ಸಿಗೆ ಬಂದ ಹಾಗೆ ಒಂದೊಂದು ಹೂವು ಬಿಡಿಸಿ ಮುಚ್ಚಿಬಿಟ್ಟೆ. ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ನೀನು ಒಂದೇ ಕಣ್ಣಲ್ಲಿ ನೋಡಿದ್ದರೂ ಹಿಡಿಯುತ್ತಿದ್ದೆ.

ಅತ್ತಿಗೆ, ಅಮ್ಮ ಬಗ್ಗಬಾರದು, ಡಾಕ್ಟರು ಹೇಳಿದ್ದಾರೆ. ಅವರನ್ನು ಕಟ್ಟೆ ಮೇಲೆ ಕೂರಿಸಿ, ಅವರು ಹೇಳಿದ ಹಾಗೆ ನೀವು ಒಂದು ಸಲ ಹಾಕಿ. ಪೂರ್ತಿದು ಬೇಡ, ಒಂದು ಮೂಲೆ ಮಾತ್ರ ಹತ್ತಿರದಿಂದ ಫೋಟೋ ತೆಗೆದು ಕಳಿಸಿ.

ಅಪ್ಪನಿಗೆ ನಮಸ್ಕಾರ.

ನಿನ್ನ ಚಿಕ್ಕ ಮಗಳು