ಬಿಳಿಕುಳಿ ಬರೆದ ತಂಗಿಗೆ

ತಂಗೀ,

ನಿನ್ನ ಲೇಖನ ಓದಿದೆ. ಸುರಪುರದಲ್ಲಿ ಕೂತು ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿ, ಏನನ್ನೂ ಒಳಗೆ ಬಿಟ್ಟುಕೊಳ್ಳದ ಬಿಳಿಕುಳಿ ಅಂತ ಬರೆದರೆ ಯಾರು ಓದುತ್ತಾರೆ ಕಾಕಾ, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಆ ಮಾತು ಅಷ್ಟಕ್ಕೇ ಮುಗೀತು. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು ಅನ್ನೋದನ್ನೆಲ್ಲ ಬೇರೆ ಯಾರಾದರೂ ಹೇಳುತ್ತಾರೆ. ನನ್ನ ಜಗಳ ನಿನ್ನ ಒಂದೇ ವಾಕ್ಯದ ಜೊತೆ: ‘ಕಪ್ಪುಕುಳಿಗೆ ಬಿದ್ದದ್ದೆಲ್ಲ ಆಚೆ ತುದಿಯ ಬಿಳಿಕುಳಿಯಿಂದ ಚಿಮ್ಮಿ ಬರುತ್ತದೆ.’

ಓದೋಕೆ ಚೆನ್ನಾಗಿದೆ. ಫೇಸ್‌ಬುಕ್‌ನಲ್ಲಿ ನಿನ್ನ ಗೆಳತಿಯರು ಮೈ ಜುಮ್ಮೆಂದಿತು ಅಂದದ್ದೂ ಇದಕ್ಕೇ. ಆದರೆ ಇದನ್ನ ಯಾವ ಚಿತ್ರದ ಮೇಲೆ ಬೆರಳಿಟ್ಟು ತೋರಿಸುತ್ತೀಯ?

ಒಂದು ಹಾಳೆ ತಗೋ. ನಡುವೆ ಒಂದನ್ನೊಂದು ದಾಟುವ ಎರಡು ಗೆರೆ ಎಳೆ, 45 ಡಿಗ್ರಿಗೆ. ಕಾಲ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಜಾಗ ಅಡ್ಡಕ್ಕೆ. ಬೆಳಕು ಯಾವಾಗಲೂ 45 ಡಿಗ್ರಿಯಲ್ಲೇ ಓಡುತ್ತದೆ, ಬೇರೆ ಯಾವುದೂ ಅದಕ್ಕಿಂತ ಜಾಸ್ತಿ ಓರೆಯಾಗಿ ಹೋಗುವ ಹಾಗಿಲ್ಲ. ನಾಲ್ಕು ಭಾಗ ಆಯ್ತು, ಅಲ್ವಾ? ಬಲಕ್ಕೆ ನಾವಿರುವ ಹೊರಜಗತ್ತು. ಮೇಲೆ ಕಪ್ಪುಕುಳಿ. ಕೆಳಗೆ ಬಿಳಿಕುಳಿ. ಎಡಕ್ಕೆ ಇನ್ನೊಂದು ಹೊರಜಗತ್ತು. ಮೇಲ್ಭಾಗದ ನೆತ್ತಿಯಲ್ಲಿ ಒಂದು ಬಾಗಿದ ಗೆರೆ ಹಾಕು, ಕೆಳಭಾಗದ ತಳದಲ್ಲಿ ಇನ್ನೊಂದು. ಅವೇ ಸಿಂಗ್ಯುಲಾರಿಟಿ, ಅಂದರೆ ಲೆಕ್ಕವೇ ಮುರಿದುಬೀಳುವ ಕೊನೆ. ಐನ್‌ಸ್ಟೈನರ ಗುರುತ್ವದ ಸಮೀಕರಣ ಹಿಡಿದು, ಖಾಲಿ ಜಾಗಕ್ಕೆ ಅಂತ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಪ್ರಕಟಿಸಿದ ಲೆಕ್ಕವನ್ನು 1960ರಲ್ಲಿ ಕ್ರುಸ್ಕಲ್ ಮತ್ತು ಸೆಕೆರೆಶ್ ಹೀಗೆ ಬಿಡಿಸಿಟ್ಟರು. ನೀನು ಎಳೆದ 45 ಡಿಗ್ರಿಯ ಗೆರೆಗಳೇ ದಿಗಂತ, ಒಂದೇ ಕಡೆಗೆ ದಾಟಬಹುದಾದ ಅಂಚು. ಅದಕ್ಕೂ ಮೊದಲು, ಈ ದಿಗಂತದ ಹತ್ತಿರ ಲೆಕ್ಕವೇ ಕೆಡುತ್ತದೆ ಅಂತ ದೊಡ್ಡದೊಡ್ಡವರು ಒದ್ದಾಡಿದ್ದರು. ತೊಂದರೆ ಇದ್ದದ್ದು ಜಾಗ, ಕಾಲ ಗುರುತಿಸೋಕೆ ಅವರು ಆರಿಸಿಕೊಂಡ ನಿರ್ದೇಶಾಂಕಗಳಲ್ಲಿ.

ಈಗ ಪೆನ್ಸಿಲ್ ಬಲಭಾಗದಲ್ಲಿಟ್ಟು ಮೇಲಕ್ಕೆ ಸಾಗು. ಗೆರೆ ದಾಟಿ ಕಪ್ಪುಕುಳಿಗೆ ಹೋಗಬಹುದು. ಹೋದ ಮೇಲೆ ಹೇಗೆ ತಿರುಗಿಸಿದರೂ ಪೆನ್ಸಿಲ್ ಆ ಬಾಗಿದ ಗೆರೆಗೇ ಹೋಗಿ ತಾಗುತ್ತದೆ. ಒಳಗೆ ಸಿಂಗ್ಯುಲಾರಿಟಿ ಅನ್ನೋದು ಎದುರಿಗಿರುವ ಜಾಗ ಅಲ್ಲ, ಬರಲಿರುವ ಹೊತ್ತು. ಸೋಮವಾರ ತಪ್ಪಿಸಿಕೊಳ್ಳೋಕೆ ಯಾದಗಿರಿಗೆ ಓಡಿದರೇನು, ಬೀದರಿಗೆ ಓಡಿದರೇನು, ಅಲ್ಲೂ ಸೋಮವಾರ ಬಂದೇ ಬರುತ್ತದೆ. ನಮ್ಮ ಹಾಲುಹಾದಿಯ ನಡುವಿನ ಕುಳಿ ಸೂರ್ಯನ ಸುಮಾರು 43 ಲಕ್ಷ ಪಟ್ಟು ತೂಕದ್ದು. ಅದು ತಿರುಗುತ್ತಿಲ್ಲ ಅಂದುಕೊಂಡು ಲೆಕ್ಕ ಹಾಕಿದರೆ, ದಿಗಂತ ದಾಟಿದವನಿಗೆ ಹೆಚ್ಚೆಂದರೆ ಒಂದು ನಿಮಿಷ ಚಿಲ್ಲರೆ ಸಿಗುತ್ತದೆ. ರಾಕೆಟ್ ಹಚ್ಚಿ ಒದ್ದಾಡಿದರೂ ಅದಕ್ಕಿಂತ ಜಾಸ್ತಿ ಇಲ್ಲ.

ಇನ್ನು ಬಿಳಿಕುಳಿಗೆ ಹೋಗು ನೋಡೋಣ. ಆಗಲ್ಲ. ಅದು ಕೆಳಗಿದೆ, ಅಂದರೆ ಹಿಂದಿನ ಕಾಲದಲ್ಲಿದೆ. ಅಲ್ಲಿಂದ ಹೊರಗೆ ಬರಬಹುದು, ಒಳಗೆ ಯಾರೂ ಹೋಗಲಾರರು. ಎಡಕ್ಕೆ ದಾಟಲು 1935ರ ಐನ್‌ಸ್ಟೈನ್-ರೋಸೆನ್ ಸೇತುವೆ ಇದೆಯಲ್ಲ ಅಂತ ಬರೆದಿದ್ದೀಯ. ಬೆಳಕು ದಾಟುವ ಮೊದಲೇ ಅದು ಮುಚ್ಚಿಹೋಗುತ್ತದೆ ಅಂತ 1962ರಲ್ಲಿ ಫುಲ್ಲರ್ ಮತ್ತು ವೀಲರ್ ತೋರಿಸಿದರು. ಮತ್ತೆ, ಬಿಳಿಕುಳಿ ಎಲ್ಲವನ್ನೂ ದೂರ ತಳ್ಳುತ್ತದಂತೆ! ಇಲ್ಲ ನಮ್ಮವ್ವಾ, ಹೊರಗೆ ನಿಂತವರನ್ನು ಅದೂ ಸೆಳೆಯುತ್ತದೆ, ಅಷ್ಟೇ ತೂಕದ ಕಪ್ಪುಕುಳಿ ಸೆಳೆಯುವಷ್ಟೇ.

ಈಗ ರಬ್ಬರ್ ತಗೋ. ನಕ್ಷತ್ರ ಕುಸಿದು ಕುಳಿ ಆಗುವುದನ್ನು 1939ರಲ್ಲಿ ಓಪನ್‌ಹೈಮರ್ ಮತ್ತು ಸ್ನೈಡರ್ ಲೆಕ್ಕ ಹಾಕಿದ್ದರು. ಆ ನಕ್ಷತ್ರದ ಮೇಲ್ಮೈಗೆ ಒಂದು ಗೆರೆ ಎಳೆ: ಬಲಭಾಗದಲ್ಲಿ ಶುರುವಾಗಿ, ಕಪ್ಪುಕುಳಿಯೊಳಗೆ ಹೊಕ್ಕು, ಮೇಲಿನ ಬಾಗಿದ ಗೆರೆಗೆ ಮುಟ್ಟಲಿ. ಅದರ ಎಡಕ್ಕೆ ಇರೋದು ನಕ್ಷತ್ರದ ಒಡಲು, ಈ ಖಾಲಿ ಜಾಗದ ಲೆಕ್ಕ ಅಲ್ಲಿಗೆ ನಡೆಯಲ್ಲ. ಎಡಕ್ಕಿರುವುದನ್ನೆಲ್ಲ ಅಳಿಸು. ಬಿಳಿಕುಳಿಯೂ ಹೋಯ್ತು, ಆ ಇನ್ನೊಂದು ಜಗತ್ತೂ ಹೋಯ್ತು.

ಅಳಿಸುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಇದನ್ನ ಓದುವವರಿಂದ ಮುಚ್ಚಿಟ್ಟರೆ ಮೋಸ. 2015ರಲ್ಲಿ ಎರಡು ಕಪ್ಪುಕುಳಿ ಕೂಡಿದಾಗಿನ ಗುರುತ್ವದ ಅಲೆ ಸಿಕ್ಕಿತು, 2019ರಲ್ಲಿ ಎಂ87 ಅನ್ನೋ ಗ್ಯಾಲಕ್ಸಿಯ ಕುಳಿಯ ನೆರಳು ಚಿತ್ರದಲ್ಲಿ ಬಂತು. ಬಿಳಿಕುಳಿ ಮಾತ್ರ ಸಮೀಕರಣದಲ್ಲಿದೆ, ಆಕಾಶದಲ್ಲಿ ಇದುವರೆಗೆ ಒಂದೂ ಕಂಡಿಲ್ಲ. ತಿರುಗುವ ಕುಳಿಗೆ ಕೆರ್ 1963ರಲ್ಲಿ ಕೊಟ್ಟ ಲೆಕ್ಕವನ್ನು ಮುಂದುವರಿಸಿದರೆ ಆಚೆ ಹೋಗುವ ದಾರಿ ಕಾಗದದ ಮೇಲೆ ಕಾಣುತ್ತದೆ, ಆದರೆ ಆ ದಾರಿಯಲ್ಲಿ ಬರುವ ಒಳದಿಗಂತ, ಅಂದರೆ ಕುಳಿಯೊಳಗಿನ ಎರಡನೇ ಅಂಚು, ಚೂರು ಕದಲಿದರೂ ಕೆಡುವಂಥದ್ದು. ಕಪ್ಪುಕುಳಿಯೇ ಕೊನೆಗೆ ಬಿಳಿಕುಳಿ ಆಗಬಹುದು ಅಂತ ರೊವೆಲ್ಲಿ ಮುಂತಾದ ಭೌತವಿಜ್ಞಾನಿಗಳು ಹೇಳುತ್ತಾರೆ, ಅದಿನ್ನೂ ಪ್ರಸ್ತಾಪ. ಎಲ್ಲವನ್ನೂ ಬರಿ, ಬೇಡ ಅನ್ನಲ್ಲ. ‘ಕಾಗದದ ಮೇಲೆ’ ಅನ್ನೋದನ್ನ ಮಾತ್ರ ನುಂಗಬೇಡ.

ನಾನು ಹೀಗೆ ಕುಟುಕುವುದಕ್ಕೆ ಹಳೇ ಸಿಟ್ಟೊಂದಿದೆ. ಬಹಳ ಹಿಂದೆ ಒಂದು ಪತ್ರಿಕೆಗೆ ಇದೇ ಚಿತ್ರ ಬಿಡಿಸಿ ಕಳಿಸಿದ್ದೆ. ಸಂಪಾದಕರು ಅದನ್ನು ಕಿತ್ತು ನೀರಿನ ಸುಳಿಯ ಫೋಟೋ ಹಾಕಿದರು, ‘ಲೆಕ್ಕದ ಪ್ರಕಾರ’, ‘ಇದ್ದರೂ ಇರಬಹುದು’ ಅಂತ ಇದ್ದದ್ದನ್ನೆಲ್ಲ ಹೊಡೆದುಹಾಕಿದರು, ಮೇಲೆ ದಪ್ಪಕ್ಷರದಲ್ಲಿ ‘ಬ್ರಹ್ಮಾಂಡದ ರಾಕ್ಷಸ’ ಅಂತ ಬರೆದರು. ಇಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕವರೆಲ್ಲ ಆ ರಾಕ್ಷಸನನ್ನೇ ಹೊಗಳಿದರು. ಇವತ್ತಿಗೂ ಉರಿಯುತ್ತದೆ. ಜನ ಮೆಚ್ಚಿದ ವಾಕ್ಯವನ್ನೇ ಮೊದಲು ಅನುಮಾನದಿಂದ ನೋಡು.

ಇನ್ನೊಂದು. ನಿನ್ನ ಲೇಖನದಲ್ಲಿ ಹೊರದೇಶದವರು ತುಂಬಿದ್ದಾರೆ, ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಇಲ್ಲ! ಕಪ್ಪುಕುಳಿಯನ್ನು ಅಲುಗಾಡಿಸಿದರೆ ಅದು ಕಂಪಿಸಿ ಸುಮ್ಮನಾಗುತ್ತದೆ ಅಂತ 1970ರಲ್ಲೇ ತೋರಿಸಿದವರು ಅವರು. ನೆಹರೂ ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ. 2017ರಲ್ಲಿ ತೀರಿಕೊಂಡರು. ಒಮ್ಮೆಯೂ ಎದುರಿಗೆ ಕೂತು ಅವರ ಮಾತು ಕೇಳಲಿಲ್ಲ ಅನ್ನೋ ಕೊರಗು ನನಗೆ ಇದ್ದೇ ಇದೆ.

ನಿನ್ನ ಐದನೇ ಪುಟ ಮಾತ್ರ ಬಂಗಾರ. ಬೀಳುತ್ತಿರುವ ಗೆಳತಿ ಕಳಿಸುವ ಬೆಳಕು ತಡವಾಗುತ್ತಾ, ಕೆಂಪಾಗುತ್ತಾ, ಮಂಕಾಗುತ್ತಾ ಹೋಗುತ್ತದೆ, ಅವಳಿಗೆ ಮಾತ್ರ ದಿಗಂತ ದಾಟಿದ್ದೇ ಗೊತ್ತಾಗಲ್ಲ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಲೇಖನ ಅಲ್ಲಿಂದಲೇ ಶುರು ಮಾಡು, ಮೊದಲ ನಾಲ್ಕು ಪುಟ ಹರಿದುಹಾಕು. ತಿದ್ದಿದ್ದನ್ನು ಪೋಸ್ಟಿನಲ್ಲಿ ಕಳಿಸು. ವಾಟ್ಸಾಪ್ ಫೋಟೋದಲ್ಲಿ ನಿನ್ನ ಪೆನ್ಸಿಲ್ ಗೆರೆ ನನ್ನ ಕಣ್ಣಿಗೆ ಕಾಣಲ್ಲ.

ನಿನ್ನ ಕಾಕಾ
ಕಲಬುರಗಿ