ಜೆಲ್ ಗಟ್ಟಿಯಾಗಿಸಿಕೊಟ್ಟ ಸಹಾಯಕರಿಗೆ

ಶನಿವಾರ ಸಂಜೆ ಪ್ರೋಟೀನ್ ಮಾದರಿಗಳು ಐಸಿನಲ್ಲಿ ಕಾಯುತ್ತಿರುವಾಗ, ಅವನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಆಗಬೇಕಿದ್ದ, ಗಾಜಿನ ಫಲಕಗಳ ನಡುವೆ ಸುರಿದ ಶೇ. 12ರ ಅಕ್ರಿಲಮೈಡ್ ದ್ರಾವಣ ಗಂಟೆ ಕಳೆದರೂ ನೀರಾಗಿಯೇ ಉಳಿದಿತ್ತು. ಬೇರೆ ವಿಭಾಗದ ಹಿರಿಯ ಸಹಾಯಕರೊಬ್ಬರು, ಮನೆಗೆ ಹೊರಟು ಚೀಲವನ್ನು ಹೆಗಲಿಗೇರಿಸಿದ್ದವರು, ನನ್ನ ಮುಖ ನೋಡಿ ಒಳಬಂದರು. ಜೆಲ್ ಗಟ್ಟಿಯಾಗುವ ಕ್ರಿಯೆಯನ್ನು ಆರಂಭಿಸುವ, ಎಲ್ಲರೂ ಬಳಸುವ ಅಮೋನಿಯಂ ಪರ್ಸಲ್ಫೇಟ್ ಬಾಟಲಿಯನ್ನು ಬೆಳಕಿಗೆ ಹಿಡಿದು, ನೀರಿನಲ್ಲಿ ಕರಗಿಸಿಟ್ಟರೆ ಅದು ದಿನೇ ದಿನೇ ಸತ್ವ ಕಳೆದುಕೊಳ್ಳುತ್ತದೆಂದೂ, ಆಮೇಲೆ ಆ ಕ್ರಿಯೆಯನ್ನು ಚುರುಕುಗೊಳಿಸುವ ಟೆಮೆಡ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲವೆಂದೂ ಹೇಳುತ್ತಲೇ ಹೊಸ ಪುಡಿಯನ್ನು ತೂಗಿದರು. ಗಾಳಿಯ ಆಮ್ಲಜನಕ ತಾಗಿದರೆ ಮೇಲಂಚು ಗಟ್ಟಿಯಾಗದು. ಅದಕ್ಕಾಗಿ ಐಸೊಪ್ರೊಪನಾಲ್ ಎಂಬ ಆಲ್ಕೋಹಾಲನ್ನು ಮೇಲೆ ತೆಳುವಾಗಿ ಸುರಿದವರೂ ಅವರೇ. ಮಿಕ್ಕ ದ್ರಾವಣವನ್ನು ಸಣ್ಣ ನಳಿಕೆಯಲ್ಲಿಟ್ಟು, "ಗಟ್ಟಿಯಾಯಿತೇ ಎಂದು ತಿಳಿಯಲು ಇದನ್ನು ಓರೆ ಮಾಡಿ ನೋಡಿ, ಫಲಕವನ್ನು ಅಲುಗಾಡಿಸಬೇಡಿ" ಎಂದರು. ನನ್ನ ಕೈಪಿಡಿಯಲ್ಲಿ ಈ ಉಪಾಯ ಇರಲಿಲ್ಲ.

ಎಸ್‌ಡಿಎಸ್ ಎಂಬ ಮಾರ್ಜಕ ಅಂಟಿ ಋಣ ವಿದ್ಯುದಂಶ ಪಡೆದ ಪ್ರೋಟೀನುಗಳು, ಗಟ್ಟಿಯಾದ ಜೆಲ್ಲಿನಲ್ಲಿ ವಿದ್ಯುತ್ ಹರಿಸಿದಾಗ, ಚಿಕ್ಕವು ಮುಂದಾಗಿ ದೊಡ್ಡವು ಹಿಂದಾಗಿ, ಧನ ಧ್ರುವದತ್ತ ಸಾಗತೊಡಗಿ, ಓಟದ ಮುಂಚೂಣಿ ತೋರಿಸುವ ಬಣ್ಣವಾದ ಬ್ರೋಮೋಫಿನಾಲ್ ನೀಲಿಯ ಗೆರೆ ಸೊಟ್ಟಗಾಗದೆ ಕೆಳಗಿಳಿಯುವುದನ್ನು ಕಂಡಾಗಲೇ ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಹೊಸ ಬಾಟಲಿಗೆ ಆ ದಿನದ ತಾರೀಖಿನ ಚೀಟಿ ಅಂಟಿಸಿ ಹೊರಟುಹೋಗಿದ್ದರು. ಹೆಸರು ಕೇಳಲೂ ಆಗಲಿಲ್ಲ. ಈ ಬರಹ ಅವರ ಕಣ್ಣಿಗೆ ಬಿದ್ದರೆ ನನ್ನ ಧನ್ಯವಾದಗಳನ್ನು ಸ್ವೀಕರಿಸಬೇಕು. ಬಣ್ಣ ಹಾಕಿ ತೊಳೆದ ಮೇಲೆ ಪ್ರೋಟೀನಿನ ಪಟ್ಟಿಗಳು ಸ್ಪಷ್ಟವಾಗಿ ಬೇರ್ಪಟ್ಟಿದ್ದವು.